ಚೀಟಿಯ ಮೇಲಿನ ಕಿವಿ

ನನ್ನ ರಕ್ತದಲ್ಲಿ ಪ್ಲೇಟ್‌ಲೆಟ್ ಯಾಕೆ ಇಳಿಯುತ್ತವೆ ಎಂಬುದು ಕಲಬುರಗಿಯ ಡಾಕ್ಟರಿಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೇ ಅವರು ಚೀಟಿಯಲ್ಲಿ ಕಾಯಿಲೆಯ ಉದ್ದನೆಯ ಹೆಸರು ಬರೆದು, ಅದರ ಮುಂದೆ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಪರೀಕ್ಷೆಗೆಂದು ಮತ್ತೆ ಮತ್ತೆ ರಕ್ತ ಕೊಟ್ಟು ತಲೆ ಕೆಟ್ಟಿದ್ದ ನಾನು ಆಳಂದದ ಮನೆಗೆ ಬಂದವಳೇ ಅದನ್ನು ಅತ್ತೆಯ ಕೈಗೆ ತುರುಕಿದೆ. ಓದು ಬಾರದ ಅತ್ತೆ ಚೀಟಿಯನ್ನು ದೂರ ಹಿಡಿದು ನೋಡಿದರು.

"ಇದೇನ್ ಯವ್ವಾ, ಕಿವಿ ಬರದಾರ? ಕೆಳಗ ಬೆಂಡೋಲಿ ಬ್ಯಾರೆ ಇಟ್ಟಾರ!"

ನನಗೆ ನಗು ಒತ್ತರಿಸಿ ಬಂತು. "ಹೌದ್ರಿ ಅತ್ತಿ. ಜಡ್ಡು ಏನಂತದೋ, ಡಾಕ್ಟರ್ ಇನ್ನೂ ಕೇಳಾಕತ್ತಾರ್ರಿ," ಎಂದೆ.

ಅಂದಿನಿಂದ ಅದು ಕಿವಿಯೇ. ಜೇವರ್ಗಿಯಿಂದ ನನ್ನಕ್ಕ ಫೋನು ಮಾಡಿ ಗೋಳಾಡಿದಾಗ ಅತ್ತೆ ಮೊಬೈಲು ಕಸಿದುಕೊಂಡು, "ನಿನ್ನ ತಂಗಿ ರಕ್ತಕ್ಕ ಕಿವಿ ಮೂಡೇದ ನೋಡವ್ವಾ," ಎಂದರು. ಪಾಪ, ಅಕ್ಕ ಅರ್ಧ ಗಂಟೆಯೊಳಗೆ ಕಿವಿ ಡಾಕ್ಟರ ನಂಬರು ಕಳಿಸಿದಳು. ಅತ್ತೆ ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೊನ್ನೆ ಅತ್ತೆಯೂ ತಪಾಸಣೆಗೆ ಜೊತೆಗೆ ಬಂದಿದ್ದರು. ಡಾಕ್ಟರು ಈ ಸಲ ಇನ್ನೊಂದು ಕಾಯಿಲೆಯ ಹೆಸರನ್ನೂ ಬರೆದು, ಅದರ ಮುಂದೂ ಅದೇ ಗುರುತು ಹಾಕಿದರು. ವಾಪಸು ಬರುವ ಬಸ್ಸಿನಲ್ಲಿ ಚೀಟಿ ಬಿಚ್ಚಿ ತೋರಿಸಿದೆ.

"ಜೋಡಿ ಆದವಲ್ಲ!" ಎಂದು ಅತ್ತೆ ಕೂತಲ್ಲೇ ಕುಣಿದರು. ಕಂಡಕ್ಟರ್ ತಿರುಗಿ ನೋಡುವಷ್ಟು ನಕ್ಕೆವು. ಆಮೇಲೆ ಅವರು ಚೀಟಿಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಮೆಲ್ಲಗೆ ಹೇಳಿದರು:

"ಎರಡೂ ಕಿವಿ ಇರ್ಲಿ ಯವ್ವಾ. ಅದಕ್ಕ ನಿನ್ನ ತಿನ್ನಾಕ ಬಾಯಿ ಒಂದು ಮೂಡದಿದ್ರ ಸಾಕು."