ಜಪಾನಿ ಬೀಗಿತ್ತಿಯ ಮನೆಯಲ್ಲಿ ಬಾಣಂತನ

ಮಗಳ ಬಾಣಂತನಕ್ಕೆಂದು ಬ್ರಿಸ್ಬೇನಿನಿಂದ ಪರ್ತ್‌ಗೆ ಹೋದಾಗ ನನ್ನ ಕೈಚೀಲದಲ್ಲಿ ಮೈಸೂರಿನಿಂದ ತರಿಸಿದ ಒಂದು ಬೆಳ್ಳಿ ತಾಯಿತ ಇತ್ತು. ಮಗುವಿನ ಹೊಕ್ಕುಳ ಬಳ್ಳಿ ಒಣಗಿ ಬಿದ್ದ ಮೇಲೆ ಆ ಚೂರನ್ನು ತಾಯಿತದೊಳಗಿಟ್ಟು ಸೊಂಟಕ್ಕೆ ಕಟ್ಟುವುದು ನಮ್ಮ ಮನೆಯ ಪದ್ಧತಿ. ನನಗೆ ನನ್ನಮ್ಮ ಕಟ್ಟಿದ್ದರು, ಮಗಳಿಗೆ ನಾನು ಕಟ್ಟಿದ್ದೆ. ನನಗೆ ಇರುವುದು ಒಬ್ಬಳೇ ಮಗಳು. ಅವಳಿಗೆ ಈ ಹೆರಿಗೆ ಕಷ್ಟವಾಗಿ, ಇದೇ ಮೊದಲು ಇದೇ ಕೊನೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ಆ ಒಂದು ಚೂರು ಬಿಟ್ಟರೆ ನನ್ನ ಪಾಲಿಗೆ ಇನ್ನೊಂದು ಬರುವುದಿರಲಿಲ್ಲ. ತಾಯಿ ಮಗು ಇಬ್ಬರೂ ಉಳಿದರಲ್ಲ, ಅದು ದೇವರು ಕೊಟ್ಟ ದೊಡ್ಡ ಭಿಕ್ಷೆ. ತಾಯಿತ ಚಿಕ್ಕ ಆಸೆ.

ಅಳಿಯ ಜಪಾನಿನವನು. ಅಡಿಲೇಡಿನಲ್ಲಿ ಇಬ್ಬರೂ ಓದುವಾಗ ಪರಿಚಯವಾಗಿ, ಗ್ಲೆನೆಲ್ಗ್‌ನ ಕಡಲ ದಂಡೆಯಲ್ಲಿ ಬರಿಗಾಲಲ್ಲಿ ನಿಂತು ಮದುವೆಯಾದರು. ಈಗ ಪರ್ತ್ ಸಿಟಿಯಲ್ಲಿ ಗಣಿ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ವಿಧವೆ ತಾಯಿ ಅವನ ಜೊತೆಯಲ್ಲೇ ಇದ್ದಾರೆ. ಆ ನನ್ನ ಬೀಗಿತ್ತಿ ಫೋನಿನಲ್ಲಿ, "ನಮ್ಮ ಕಡೆಯೂ ಹೆರಿಗೆಗೆ ಹೆಣ್ಣು ತವರಿಗೇ ಹೋಗುವುದು. ಡಾಕ್ಟರು ವಿಮಾನ ಬೇಡ ಅಂದಿದ್ದಾರೆ, ಆದ್ದರಿಂದ ತವರೇ ಇಲ್ಲಿಗೆ ಬರಲಿ. ಎಷ್ಟು ದಿನ ಬೇಕಾದರೂ ಇರಿ" ಎಂದಿದ್ದರು. ನಮ್ಮಿಬ್ಬರದೂ ಮುರುಕಲು ಇಂಗ್ಲಿಷು, ಆದರೂ ಕಣ್ಣಲ್ಲಿ ನೀರು ಬಂತು. ಎಲ್ಲೋ ಹುಟ್ಟಿದ ಹೆಂಗಸಿಗೆ ಬಾಣಂತನದ ಬೆಲೆ ಗೊತ್ತಿದೆಯಲ್ಲ ಎಂದು ದೀಪ ಹಚ್ಚಿ ಕೈಮುಗಿದೆ.

ಮಗುವಿಗೆಂದು ಒಯ್ದಿದ್ದ ಜೇನುತುಪ್ಪವನ್ನು ಪರ್ತ್ ವಿಮಾನ ನಿಲ್ದಾಣದಲ್ಲೇ ತಪಾಸಣೆಯವರು ಕಸದ ಡಬ್ಬಕ್ಕೆ ಹಾಕಿಸಿದರು. ಆ ರಾಜ್ಯದೊಳಗೆ ಅದು ಬರುವ ಹಾಗಿಲ್ಲವಂತೆ. ತಾಯಿತ ಉಳಿಯಿತು.

ಆ ಮನೆಯಲ್ಲಿ ಎಲ್ಲಕ್ಕೂ ಒಂದು ರೀತಿ ಇತ್ತು. ಬಿಟ್ಟ ಚಪ್ಪಲಿಯ ಮೂತಿ ಬಾಗಿಲ ಕಡೆ ತಿರುಗಿರಬೇಕು; ನಾನು ಹೇಗೆ ಬಿಟ್ಟರೂ ಬೀಗಿತ್ತಿ ಮಂಡಿಯೂರಿ ತಿರುಗಿಸಿಡುತ್ತಿದ್ದರು. ಬೆಳಿಗ್ಗೆ ಅನ್ನ ಆದ ತಕ್ಷಣ ಮೊದಲ ತುತ್ತು ಗೂಡಿನಲ್ಲಿದ್ದ ಅವರ ಗಂಡನ ಫೋಟೋದ ಮುಂದೆ. ನೈವೇದ್ಯ ತಿಳಿದ ಮನೆಗೆ ನನ್ನ ಮಗಳು ಸೇರಿದಳು ಎಂದು ಅದನ್ನೂ ಪುಣ್ಯದ ಲೆಕ್ಕಕ್ಕೆ ಸೇರಿಸಿಕೊಂಡೆ. ನನ್ನನ್ನು 'ಒಕಾಸಾನ್' ಎನ್ನುತ್ತಿದ್ದರು. ತಾಯಿ ಎಂದು ಅರ್ಥವಂತೆ.

ಸಂಜೆ ತೊಟ್ಟಿಗೆ ಬಿಸಿನೀರು ತುಂಬಿಸಿ ಮೊದಲ ಸ್ನಾನ ನನಗೇ ಎಂದರು. ಹೊರಗೆ ಮೈ ತೊಳೆದುಕೊಂಡು ತೊಟ್ಟಿಯಲ್ಲಿ ಕೂರುವುದು, ಆಮೇಲೆ ಅದೇ ನೀರಿನಲ್ಲಿ ಒಬ್ಬೊಬ್ಬರಾಗಿ ಮನೆಯವರೆಲ್ಲ. ನಾನು ಕೂತ ನೀರಿನಲ್ಲಿ ಇನ್ನೊಬ್ಬರು ಕೂರುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಬಿರಡೆ ಕಿತ್ತು, ನೀರು ಬಿಟ್ಟು, ತೊಟ್ಟಿ ಉಜ್ಜಿ ಬಂದೆ. "ಎಷ್ಟು ಶುಚಿ ನೀವು" ಎಂದು ಬೀಗಿತ್ತಿ ತಲೆ ಬಾಗಿಸಿದರು. ಅಂದು ಆ ಮನೆಯಲ್ಲಿ ಬೇರೆ ಯಾರೂ ಸ್ನಾನ ಮಾಡಲಿಲ್ಲ.

ನಾನು ಬಾಣಂತಿಗೆ ಬೆಳ್ಳುಳ್ಳಿ ಸಾರು, ಮೆಂತ್ಯದ ಹಿಟ್ಟು, ತುಪ್ಪ ಎಂದು ಒಲೆ ಬಿಡದೆ ನಿಂತೆ. "ಒಕಾಸಾನ್ ಅಡುಗೆಯ ವಾಸನೆ ಬೀದಿಯ ತುದಿಗೂ ಬರುತ್ತದೆ" ಎಂದರು ಬೀಗಿತ್ತಿ, ನಗುತ್ತ. ಮಾರನೆಯ ದಿನ ಇಂಗು ಸ್ವಲ್ಪ ಜಾಸ್ತಿ ಹಾಕಿದೆ. "ಬ್ರಿಸ್ಬೇನಿನಲ್ಲಿ ನಿಮ್ಮ ಯಜಮಾನರು ಒಬ್ಬರೇ, ಪಾಪ" ಎಂದರು. ನನ್ನ ಗಂಡನ ಮೇಲೆ ಇಷ್ಟು ಕಾಳಜಿ ನಮ್ಮ ಕಡೆಯ ನೆಂಟರಿಗೂ ಇಲ್ಲವಲ್ಲ ಎಂದುಕೊಂಡೆ. ಸಂಜೆ ಹೊತ್ತು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುವಾಗ ಬಂದು, "ಇನ್ನೊಂದು ಕಪ್ ಟೀ ಕುಡಿಯುತ್ತೀರಾ?" ಎನ್ನುತ್ತಿದ್ದರು. ಬೇಡವೆಂದರೆ ಬೇಜಾರಾದೀತೆಂದು ಪ್ರತಿ ಸಲವೂ ಕುಡಿದೆ.

ಒಂದು ಬೆಳಿಗ್ಗೆ ಡೈಪರ್ ಬದಲಿಸುವಾಗ ಬಳ್ಳಿ ಕಳಚಿ ಬಂತು. ಕರಿದ ಅವರೆಕಾಳಿನಷ್ಟು ಇತ್ತು. ಹತ್ತಿಯಲ್ಲಿಟ್ಟುಕೊಂಡು ತಿರುಗಿದರೆ ಬೀಗಿತ್ತಿ ಬೆಂಕಿಪೊಟ್ಟಣದ ಗಾತ್ರದ ಮರದ ಪೆಟ್ಟಿಗೆ ಹಿಡಿದು ನಿಂತಿದ್ದರು. ಅವರಲ್ಲೂ ಇದನ್ನು ಜೋಪಾನ ಮಾಡುತ್ತಾರಂತೆ. ನಾನು ತಾಯಿತ ತೋರಿಸಿ ನಮ್ಮ ಪದ್ಧತಿ ವಿವರಿಸಿದೆ. ಅವರು ಎರಡೂ ಕೈಯಲ್ಲಿ ತಾಯಿತ ತೆಗೆದುಕೊಂಡು ನೋಡಿ, ನನ್ನ ಕೈಗೇ ಮರಳಿಸಿ, "ಬಹಳ ಸುಂದರ. ಆದರೆ ಇದು ಸ್ವಲ್ಪ ಕಷ್ಟ" ಎಂದರು.

ಸ್ವಲ್ಪ ತಾನೆ. ಕಷ್ಟ ಪರಿಹರಿಸೋಣವೆಂದು ಅಡುಗೆಮನೆಯಿಂದ ಕತ್ತರಿ ತಂದೆ. "ಅರ್ಧ ನಿಮಗೆ, ಅರ್ಧ ನನಗೆ" ಎಂದೆ. ಬೀಗಿತ್ತಿ ನಗುತ್ತಲೇ ಇದ್ದರು. ಹಾಸಿಗೆಯಿಂದ ಮಗಳು ಎದ್ದು ಕೂತಳು.

"ಅಮ್ಮಾ, ಸ್ಟಾಪ್. ಕತ್ತರಿ ಕೆಳಗಿಡು."

"ಯಾಕೆ? ಅವ್ರೇನು ಬೇಡ ಅನ್ಲಿಲ್ವಲ್ಲ."

"ಕಷ್ಟ ಅಂದ್ರೆ ಬೇಡ ಅಂತಾನೇ. ಅವರು ಬೇಡ ಅನ್ನೋದೇ ಹಾಗೆ."

"ಅದು ನಂಗೇನು ಕನಸು ಬೀಳುತ್ತಾ?"

"ಟೀ ಕುಡೀತೀರಾ ಅಂತಿದ್ರಲ್ಲ, ಅದು ಸಾಕು ಏಳಿ ಅಂತ. ಅಪ್ಪ ಒಬ್ರೇ ಅಂದ್ರೆ ಊರಿಗೆ ಹೊರಡಿ ಅಂತ. ಸ್ಮೆಲ್ ಬರುತ್ತೆ ಅಂದ್ರೆ ನೀನು ಇನ್ನೂ ಇಂಗು ಹಾಕ್ದೆ. ಅವರು ಗ್ಯಾರೇಜಲ್ಲಿ ಕೂತು ಊಟ ಮಾಡಿದ್ರು, ಗೊತ್ತಾ?"

"ನಿಂಗೆ ಇದೆಲ್ಲ ಗೊತ್ತಿತ್ತಾ?"

"ಫಸ್ಟ್ ಡೇ ಇಂದ."

"ಒಂದ್ ಮಾತು ಹೇಳ್ಬಾರ್ದಿತ್ತಾ ಪುಟ್ಟಿ?"

"ನಾನ್ ಹೇಳಿದ್ರೆ ನಾನೇ ಕಳಿಸ್ದಂಗೆ ಆಗುತ್ತೆ. ಅವರಿಂದ್ಲೇ ನಿಂಗೆ ಅರ್ಥ ಆಗ್ಲಿ ಅಂತ ಸುಮ್ನಿದ್ದೆ."

"ಅಂದ್ರೆ ನಿಂಗೂ ನಾನು..."

"ನಂಗೂ ಸಾಕಾಗಿದೆ, ಮಾ. ನೀನು ಬ್ರಿಸ್ಬೇನ್‌ಗೆ ಹೋಗ್ತೀಯ. ಈ ಮನೇಲಿ ಇರ್ಬೇಕಾದವ್ಳು ನಾನು."

ಈ ದೇಶದಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು. ಅಷ್ಟು ಕನ್ನಡ ಒಟ್ಟಿಗೆ ಅವಳ ಬಾಯಿಂದ ಕೇಳಿದ್ದು ಅಂದೇ. ಪಕ್ಕದಲ್ಲಿದ್ದ ಅತ್ತೆಗೆ ತಿಳಿಯಬಾರದಿತ್ತಲ್ಲ.

ನಮ್ಮ ಮನೆಗಳಲ್ಲೂ ಕ್ರೌರ್ಯಕ್ಕೇನೂ ಕಡಿಮೆಯಿಲ್ಲ. ನನ್ನ ಅತ್ತೆ ಊಟದ ತಟ್ಟೆಯನ್ನು ನನ್ನ ಮುಂದೆಯೇ ಅಂಗಳಕ್ಕೆ ಎಸೆದಿದ್ದುಂಟು. ಆದರೆ ತಟ್ಟೆ ಬಿದ್ದ ಸದ್ದು ಊರಿಗೆಲ್ಲ ಕೇಳಿಸುತ್ತಿತ್ತು, ಪಕ್ಕದ ಮನೆಯವರು ಬಂದು ಬಿಡಿಸುತ್ತಿದ್ದರು, ನಾನೂ ಅತ್ತು ಹಗುರಾಗುತ್ತಿದ್ದೆ. ಇಲ್ಲಿ ಬಗ್ಗಿ ನಮಸ್ಕಾರ ಮಾಡುತ್ತಲೇ ಕತ್ತು ಹಿಡಿದು ನೂಕುತ್ತಿದ್ದರು, ನಾನು ನೂಕಿಸಿಕೊಳ್ಳುತ್ತಲೇ ಥ್ಯಾಂಕ್ಯೂ ಹೇಳುತ್ತಿದ್ದೆ. ಅವರನ್ನು ಬೈಯುವುದಕ್ಕೂ ನನ್ನ ಕೈಗೆ ಒಂದು ಮಾತು ಸಿಗಲಿಲ್ಲ. ಆಡಿದ್ದೆಲ್ಲ ಒಳ್ಳೆಯದೇ. ಮಗಳು ಆ ವಿದ್ಯೆಯನ್ನು ಬೇಗ ಕಲಿತಿದ್ದಳು, ನನ್ನ ಒರಟುತನವನ್ನೂ ಬಿಟ್ಟಿರಲಿಲ್ಲ. ಎರಡೂ ಕೈಯಲ್ಲಿ ಹೊಡೆಯಬಲ್ಲವಳಾಗಿದ್ದಳು.

ಬೀಗಿತ್ತಿ ನನ್ನ ಅಂಗೈಯಿಂದ ಹತ್ತಿಯನ್ನು ಎತ್ತಿಕೊಂಡರು. ಕಿತ್ತುಕೊಳ್ಳಲಿಲ್ಲ, ಹೂವಿನಿಂದ ಹುಳು ತೆಗೆಯುವ ಹಾಗೆ ಎತ್ತಿಕೊಂಡರು. ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಒತ್ತಿದರು, ಗಂಡನ ಫೋಟೋದ ಪಕ್ಕ ಇಟ್ಟು ಗಂಟೆ ಬಾರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಒಕಾಸಾನ್, ಟೀ ಕುಡಿಯುತ್ತೀರಾ?" ಎಂದು ಕೇಳಿದರು.

ಬೇಡವೆಂದೆ. ಮಧ್ಯಾಹ್ನದೊಳಗೆ ಟಿಕೆಟ್ ಆಯಿತು.

ಗಂಡನಿಗೆ ಫೋನ್ ಮಾಡಿ ಬರುತ್ತಿದ್ದೇನೆ ಎಂದೆ. "ಇಷ್ಟು ಬೇಗ ಯಾಕೆ, ಏನಾದ್ರೂ ಮಾತು ಬಂತಾ?" ಎಂದರು. "ಒಂದೂ ಇಲ್ಲ. ತುಂಬಾ ಮರ್ಯಾದಸ್ಥರು" ಎಂದೆ. ಸುಳ್ಳು ಹೇಳುವ ಕಷ್ಟ ದೇವರು ಕೊಡಲಿಲ್ಲ.

ಹೊರಡುವ ದಿನ ಮಗಳು ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ಚೀಲದಲ್ಲಿದ್ದ ಕಾಡಿಗೆ ತೆಗೆದು ಮಗುವಿನ ಅಂಗಾಲಿಗೆ ಒಂದು ದೃಷ್ಟಿಬೊಟ್ಟು ಇಟ್ಟೆ. ಬೀಗಿತ್ತಿ ನೋಡಿದರು, "ಮುದ್ದಾಗಿದೆ" ಎಂದರು.

ಟ್ಯಾಕ್ಸಿ ಬಂತು. ಅವರೆಲ್ಲ ಗೇಟಿನವರೆಗೂ ಬಂದು ಸೊಂಟ ಬಗ್ಗಿಸಿ ನಿಂತರು. ಡ್ರೈವರು ಡಿಕ್ಕಿಯಲ್ಲಿ ನನ್ನ ಸೂಟ್‌ಕೇಸ್ ಸರಿಮಾಡುತ್ತಿದ್ದ. ನಾನು ಗಾಜಿನಿಂದ ನೋಡುತ್ತಿರುವಾಗಲೇ ಬೀಗಿತ್ತಿ ಮಗಳ ಕೈಯಿಂದ ಮಗುವನ್ನು ತೆಗೆದುಕೊಂಡು, ಏಪ್ರನ್ನಿನ ಜೇಬಿನಿಂದ ಒದ್ದೆ ಬಟ್ಟೆ ತೆಗೆದು ಅಂಗಾಲು ಒರೆಸಿದರು. ಮಗಳು ಆ ಕಾಲನ್ನು ಹಿಡಿದುಕೊಂಡು ನಿಂತಿದ್ದಳು. ಒರೆಸುವ ಕೈ ಮೆತ್ತಗಿತ್ತು. ಮಗು ಅಳಲಿಲ್ಲ.