ಗೆರೆಯ ಪಕ್ಕದಲ್ಲಿ ನಿಂತಿದ್ದವನು

ಪಂದ್ಯ ಶುರುವಾಗುವ ಮೊದಲೇ ಪಂದ್ಯದ ವರದಿಗೆ ಸಹಿ ಹಾಕುವ ಅಭ್ಯಾಸ ನಮ್ಮಲ್ಲಿತ್ತು. ಆಟ ಮುಗಿದ ಮೇಲೆ ಎಲ್ಲರಿಗೂ ಬಸ್ಸು, ಲೋಕಲ್ ರೈಲು ಹಿಡಿಯುವ ಅವಸರ. ಹಾಗಾಗಿ ಲೈನ್ಸ್‌ಮನ್‌ಗಳಿಬ್ಬರೂ ಖಾಲಿ ಫಾರ್ಮಿನ ಕೆಳಗೆ ಸಹಿ ಗೀಚಿ ಕೊಟ್ಟುಬಿಡುವುದು, ರೆಫರಿ ಮನೆಗೆ ಹೋಗಿ ಊಟ ಮಾಡಿ ನಿಧಾನವಾಗಿ ಮೇಲಿನದನ್ನು ತುಂಬುವುದು. ನಾನು ವಿಮಾ ಕಚೇರಿಯ ಗುಮಾಸ್ತ. ಭಾನುವಾರ ಮಾತ್ರ ಕಪ್ಪು ಅಂಗಿ, ಕಪ್ಪು ಚಡ್ಡಿ ತೊಟ್ಟು ಮದರಾಸಿನ ಕಾಲೇಜು ಮೈದಾನಗಳಲ್ಲಿ ಬಾವುಟ ಹಿಡಿದು ಗೆರೆಯುದ್ದಕ್ಕೂ ಓಡುತ್ತಿದ್ದೆ. ಅಂಥ ಎಷ್ಟು ಫಾರ್ಮುಗಳಿಗೆ ಸಹಿ ಹಾಕಿದ್ದೇನೋ ನನಗೇ ಗೊತ್ತಿಲ್ಲ.

ನನ್ನನ್ನು ಈ ಹುಚ್ಚಿಗೆ ಹಚ್ಚಿದವರು ನನ್ನ ಹೆಂಡತಿಯ ಸೋದರಮಾವ. ಬ್ಯಾಂಕಿನಲ್ಲಿ ಅಧಿಕಾರಿ, ಪುರಸೈವಾಕ್ಕಂನಲ್ಲಿ ಮನೆ, ಊರಿಗೆಲ್ಲ ಗೊತ್ತಿರುವ ರೆಫರಿ. ನನಗೆ ಮನೆಯಲ್ಲಿ ಮಾಮ, ಮೈದಾನದಲ್ಲಿ ಸರ್. ಆ ಹೊತ್ತಿಗೆ ಅವರಿಗೆ ಐವತ್ತು ದಾಟಿ ಹೊಟ್ಟೆ ಬಂದಿತ್ತು. ಚೆಂಡಿನ ಹಿಂದೆ ಓಡುವುದನ್ನು ಬಿಟ್ಟು ಮೈದಾನದ ನಡುವೆ ನಿಂತಲ್ಲಿಂದಲೇ ಸೀಟಿ ಊದುತ್ತಿದ್ದರು. ಅದನ್ನು ಅನುಭವ ಎಂದು ಕರೆಯುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸು. ಟಿವಿಯ ಕ್ರಿಕೆಟ್ಟಿನಲ್ಲಿ ಅಂಪೈರು ಗಾಳಿಯಲ್ಲಿ ಕೈಯಿಂದ ಚೌಕ ಬರೆಯುವುದನ್ನು ಕಂಡು ಮರುಳಾಗಿದ್ದ ಒಂದು ಕಾಲೇಜಿನ ಕರೆಸ್ಪಾಂಡೆಂಟ್, ಅಂದರೆ ಆಡಳಿತ ಮಂಡಳಿಯ ಮುಖ್ಯಸ್ಥರು, ತಮ್ಮ ಅಂತರ ಕಾಲೇಜು ಫುಟ್‌ಬಾಲ್ ಫೈನಲ್ಲನ್ನೂ ವಿಡಿಯೋ ಮಾಡಿಸುವುದಾಗಿಯೂ, ತಕರಾರು ಬಂದರೆ ಕ್ಯಾಸೆಟ್ ನೋಡಿ ತೀರ್ಮಾನಿಸುವುದಾಗಿಯೂ ಮೈಕಿನಲ್ಲಿ ಘೋಷಿಸಿದರು. ಫೈನಲ್ ಆಡುತ್ತಿದ್ದ ಎರಡು ತಂಡಗಳಲ್ಲಿ ಒಂದು ಅವರದೇ ಕಾಲೇಜು. ತೀರ್ಮಾನ ಮಾಡುವ ಸಮಿತಿಯೂ ಅವರದೇ. ಯಾರಿಗೂ ನಗು ಬರಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ವಡಪಳನಿಯಿಂದ ಮದುವೆ ವಿಡಿಯೋದವನನ್ನು ಕರೆಸಿದ್ದರು.

ಎದುರು ತಂಡ ಒಂದು ಸಂಜೆ ಕಾಲೇಜಿನದು. ಅದರ ಗೋಲ್‌ಕೀಪರ್ ಹಗಲು ಲೇತ್ ವರ್ಕ್‌ಶಾಪಿನಲ್ಲಿ ದುಡಿದು ಸಂಜೆ ಓದುತ್ತಿದ್ದ. ಎರಡು ವಾರ ಬಿಟ್ಟು ಒಂದು ಸರ್ಕಾರಿ ಕಚೇರಿಯಲ್ಲಿ ಕ್ರೀಡಾ ಕೋಟಾದ ಕೆಲಸಕ್ಕೆ ಆಯ್ಕೆಯಿತ್ತು, ಅವನ ಹೆಸರು ಅದರಲ್ಲಿತ್ತು. ವಯಸ್ಸಿನ ಮಿತಿಯಲ್ಲಿ ಅದೇ ಅವನ ಕೊನೆಯ ವರ್ಷವೆಂದು ಅವನ ಕೋಚ್ ಆಟಕ್ಕೆ ಮುಂಚೆ ಹೇಳಿದ್ದರು.

ಎರಡೂ ಕಡೆ ಗೋಲಿಲ್ಲದೆ ಆಟ ಕೊನೆಯ ಹಂತಕ್ಕೆ ಬಂದಿತ್ತು. ಆತಿಥೇಯ ಕಾಲೇಜಿನವನೊಬ್ಬ ತಲೆಯಿಂದ ಹೊಡೆದ ಚೆಂಡನ್ನು ಗೋಲ್‌ಕೀಪರ್ ಹಿಂದಕ್ಕೆ ಬೀಳುತ್ತಾ ಗೆರೆಯ ಮೇಲೆಯೇ ಹಿಡಿದುಕೊಂಡ. ನಾನು ಮೂಲೆಯ ಬಾವುಟದ ಹತ್ತಿರ, ಗೆರೆಗೆ ನೇರವಾಗಿ ನಿಂತಿದ್ದೆ. ಚೆಂಡು ಪೂರ್ತಿ ದಾಟಿದರೆ ಮಾತ್ರ ಗೋಲು. ಅರ್ಧ ಚೆಂಡು ಇನ್ನೂ ಗೆರೆಯ ಮೇಲಿತ್ತು. ಗೋಲಾದರೆ ಲೈನ್ಸ್‌ಮನ್ ನಡುಗೆರೆಯ ಕಡೆಗೆ ಓಡಬೇಕು, ಆಗದಿದ್ದರೆ ನಿಂತಲ್ಲೇ ನಿಲ್ಲಬೇಕು. ನಾನು ನಿಂತೆ. ಆ ಪಂದ್ಯಕ್ಕೆ ರೆಫರಿಯಾಗಿ ಅಷ್ಟು ದೂರದಲ್ಲಿ ನಿಂತಿದ್ದ ಮಾಮ ನನ್ನ ಕಡೆ ತಿರುಗಿಯೂ ನೋಡದೆ ಸೀಟಿ ಊದಿ ಗೋಲು ಕೊಟ್ಟುಬಿಟ್ಟರು.

ಗೋಲ್‌ಕೀಪರ್ ಬೈಯಲಿಲ್ಲ, ಹೊಡೆಯಲಿಲ್ಲ. ಮಾಮನ ಮುಂಗೈ ಹಿಡಿದು ನನ್ನ ಕಡೆ ಕರೆತರಲು ನೋಡಿದ, ಅಷ್ಟೇ. ನನ್ನನ್ನು ನೋಡಿ, "ಸಾರ್, ನೀಂಗ ಪಾತ್ತೀಂಗಲ್ಲ? ಸೊಲ್ಲುಂಗ ಸಾರ್," ಎಂದ. ನೀವು ನೋಡಿದಿರಲ್ಲ, ಹೇಳಿ ಎಂದು. ನಾನು ಎರಡು ಹೆಜ್ಜೆ ಮುಂದಿಟ್ಟೆ. ಮಾಮ ಕೈ ಕೊಡವಿಕೊಂಡು ಅವನಿಗೆ ಕೆಂಪು ಕಾರ್ಡು ತೋರಿಸಿ, ಜಾಗಕ್ಕೆ ಹೋಗು ಎಂದು ನನಗೆ ಕನ್ನಡದಲ್ಲಿ ಹೇಳಿದರು. ಹೋದೆ.

ರೆಫರಿಯ ಮೇಲೆ ಕೈಮಾಡಿದ ಎಂದು ಅವನಿಗೆ ಒಂದು ವರ್ಷ ನಿಷೇಧವಾಯಿತು. ನಿಷೇಧವಿದ್ದವನನ್ನು ಆಯ್ಕೆಗೆ ಸೇರಿಸುವುದಿಲ್ಲ. ಅವನ ಕೋಚ್ ಮೇಲ್ಮನವಿ ಕೊಟ್ಟರು. ಗೋಲು ತಪ್ಪೆಂದು ಕ್ಯಾಸೆಟ್ಟಿನಲ್ಲಿ ಕಂಡರೆ ನಿಷೇಧ ರದ್ದು ಮಾಡುವುದಾಗಿ ಸಮಿತಿ ದೊಡ್ಡ ಮನಸ್ಸು ಮಾಡಿ ಒಪ್ಪಿತು. ಪಂದ್ಯವಾದ ನಾಲ್ಕು ದಿನದ ನಂತರ ನಮ್ಮನ್ನು ಕರೆಸಿದರು. ಹೋಗುವಾಗ ಸ್ಕೂಟರಿನಲ್ಲಿ ಮಾಮ ಹಿಂದೆ ತಿರುಗದೆಯೇ ಹೇಳಿದರು: "ನೋಡಪ್ಪ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ನಾಳೆ ನೀನೂ ರೆಫರಿ ಆಗೋನು."

ಕರೆಸ್ಪಾಂಡೆಂಟರ ಕೋಣೆಯಲ್ಲಿ ಬೋಂಡಾ, ಕಾಫಿ ಬಂತು. ಗೋಲ್‌ಕೀಪರನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಕ್ಯಾಸೆಟ್ ಹಾಕಿದರು. ಮೊದಲಿಗೆ ನಾದಸ್ವರ, ಆಮೇಲೆ ಹೃದಯದಾಕಾರದ ಚೌಕಟ್ಟಿನೊಳಗೆ ಎರಡೂ ತಂಡದ ನಾಯಕರು. ಆ ವಿಡಿಯೋದವನಿಗೆ ಮದುವೆಯ ಒಂದು ಪಾಠ ರಕ್ತಗತವಾಗಿತ್ತು: ದೊಡ್ಡ ಮನುಷ್ಯರು ಬಂದರೆ ತಾಳಿ ಕಟ್ಟುತ್ತಿದ್ದರೂ ಸರಿ, ಕ್ಯಾಮೆರಾ ಅವರ ಕಡೆ ತಿರುಗಬೇಕು. ಮುಖ್ಯ ಅತಿಥಿ ಬಂದದ್ದು ಸರಿಯಾಗಿ ಆಗಲೇ. ಚೆಂಡು ತಲೆಗೆ ತಗುಲುವುದು ಕಂಡಿತು, ತಕ್ಷಣ ಪರದೆಯ ತುಂಬ ಅತಿಥಿ, ಅವರ ಹೆಗಲಿಗೆ ರೇಷ್ಮೆ ಶಾಲು, ಅವರ ನಗು, ಅದೂ ಸ್ಲೋ ಮೋಷನ್ನಿನಲ್ಲಿ. ಮತ್ತೆ ಮೈದಾನ ಕಂಡಾಗ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು.

ಅದನ್ನು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ನೋಡಿದರು. ಓದಿದವರು, ಪ್ರೊಫೆಸರುಗಳು, ಬೋಂಡಾದ ಎಣ್ಣೆ ಒರೆಸಿಕೊಳ್ಳುತ್ತಾ ಒಬ್ಬ ಮುದುಕನಿಗೆ ಶಾಲು ಹೊದಿಸುವುದನ್ನು ನಾಲ್ಕು ಸಲ ಗಂಭೀರವಾಗಿ ಪರಿಶೀಲಿಸಿದರು. ಗೋಲಾಗದೆ ಹುಡುಗರು ಇಷ್ಟೊಂದು ಕುಣಿಯುತ್ತಾರೆಯೇ ಎಂದು ಒಬ್ಬರು ಕೇಳಿದರು. ಉಳಿದವರು ಹೌದೌದು ಎಂದರು. ಇವತ್ತಿಗೂ ಆ ಹೌದೌದು ನೆನೆದರೆ ನನಗೆ ಹೇಸಿಗೆಯಾಗುತ್ತದೆ.

ಆಮೇಲೆ ಕರೆಸ್ಪಾಂಡೆಂಟರು ವರದಿ ತೆಗೆದರು. ಚೆಂಡು ಗೆರೆ ದಾಟಿದ್ದನ್ನು ಲೈನ್ಸ್‌ಮನ್ ಕೂಡ ಕಂಡಿದ್ದಾರೆ ಎಂದು ಮಾಮನ ಮುದ್ದಾದ ಅಕ್ಷರದಲ್ಲಿತ್ತು. ಕೆಳಗೆ ನನ್ನ ಸಹಿ.

"ಇದು ನಿಮ್ಮ ಸಹಿ ತಾನೇ?" ಎಂದು ತಮಿಳಿನಲ್ಲಿ ಕೇಳಿದರು.

ಹೌದು ಎಂದೆ. ಅದರ ಮುಂದೆ ಇನ್ನೊಂದು ವಾಕ್ಯ ಹೇಳಲು ನನಗೆ ಬೇಕಾದಷ್ಟು ಸಮಯವಿತ್ತು. ಯಾರೂ ನನ್ನ ಬಾಯಿ ಮುಚ್ಚಿರಲಿಲ್ಲ. ನಾನು ಕಾಫಿ ಲೋಟ ಎತ್ತಿಕೊಂಡೆ. ಬಾಗಿಲು ಅರ್ಧ ತೆರೆದಿತ್ತು, ಹೊರಗಿದ್ದವನಿಗೆ ನನ್ನ ಉತ್ತರ ಕೇಳಿಸಿತು. ನಿಷೇಧ ಹಾಗೆಯೇ ಉಳಿಯಿತು. ನಾವು ಹೊರಗೆ ಬಂದಾಗ ಅವನು ದಾರಿ ಬಿಟ್ಟು ನಿಂತ.

ಕ್ಯಾಸೆಟ್ಟಿನ ಒಂದೊಂದು ಪ್ರತಿಯನ್ನು ನಮಗೆಲ್ಲ ಉಡುಗೊರೆಯಾಗಿ ಕೊಟ್ಟಿದ್ದರು. ಯೂನಿಫಾರ್ಮಿನಲ್ಲಿ ಗಂಡನನ್ನು ನೋಡುವ ಆಸೆ ನನ್ನ ಹೆಂಡತಿಗೆ. ಮಾರನೆಯ ದಿನ ಹಾಕಿದಳು. ಶಾಲು ಹೊದಿಸುವುದು ಮುಗಿಯಿತು, ಹುಡುಗರು ಕುಣಿದರು. ಅವಳು ಕ್ಯಾಸೆಟ್ ನಿಲ್ಲಿಸಿ ಪರದೆಯ ಮೂಲೆಗೆ ಬೆರಳಿಟ್ಟಳು.

"ಇದೇನ್ರೀ, ಎಲ್ಲಾರೂ ಓಡ್ತಿದಾರೆ, ನೀವೊಬ್ರು ಸುಮ್ನೆ ನಿಂತಿದೀರಲ್ಲ?"

ನಿಂತಿದ್ದೆ. ಮೂಲೆಯ ಬಾವುಟದ ಪಕ್ಕ, ಕಂಬದ ಹಾಗೆ. ಗೋಲಾಗಿಲ್ಲ ಎಂದು ತಿಳಿಯಲು ಫುಟ್‌ಬಾಲ್ ಬಲ್ಲ ಯಾರಿಗಾದರೂ ಅದು ಸಾಕಿತ್ತು. ಆ ಕೋಣೆಯಲ್ಲಿ ಎಲ್ಲರೂ ಚೆಂಡನ್ನು ಹುಡುಕುತ್ತಿದ್ದರು, ಲೈನ್ಸ್‌ಮನ್ ಎಲ್ಲಿ ಎಂದು ಯಾರೂ ನೋಡಲಿಲ್ಲ. ನಾನೂ ನೋಡಿರಲಿಲ್ಲ. ಮಾಮ ಖಂಡಿತ ನೋಡಿದ್ದರು. ಆಯ್ಕೆಗೆ ಇನ್ನೂ ಒಂಬತ್ತು ದಿನವಿತ್ತು. ಕ್ಯಾಸೆಟ್ ತೆಗೆದುಕೊಂಡು ಹೋಗಿ ಸಮಿತಿಯವರ ಮೇಜಿನ ಮೇಲೆ ಇಟ್ಟಿದ್ದರೆ ಸಾಕಾಗಿತ್ತು, ಬಾಯಿ ಬಿಡುವ ಅಗತ್ಯವೂ ಇರಲಿಲ್ಲ.

ಚೆಂಡು ಬರಲಿ ಎಂದು ಕಾಯುತ್ತಿದ್ದೆ ಎಂದು ಹೆಂಡತಿಗೆ ಹೇಳಿ, ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ ಬೀರುವಿನ ಮೇಲಿಟ್ಟೆ. ಭಾನುವಾರ ಇನ್ನೊಂದು ಮೈದಾನ, ಇನ್ನೊಂದು ಪಂದ್ಯ. ಮಾಮ ಖಾಲಿ ಫಾರ್ಮನ್ನು ಸ್ಕೂಟರಿನ ಸೀಟಿನ ಮೇಲಿಟ್ಟು ಪೆನ್ನು ಕೊಟ್ಟರು. ಸಹಿ ಹಾಕಿದೆ.