ಮೂರು ಕಾಲು, ಎರಡು ಪಾಲು

ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಅಂದು ಪಾಲು ಹಂಚಿಕೊಳ್ಳಲು ಕುಳಿತವರು ನಮ್ಮಪ್ಪ, ಕಾಕಾ, ಮುನವಳ್ಳಿಯಿಂದ ಕರೆಸಿದ ಇಬ್ಬರು ಹಿರಿಯರು. ಚಹಾ ಕೊಡುವವನು ನಾನು. ದೊಡವಾಡಕ್ಕೆ ಕೊಟ್ಟಿದ್ದ ಅತ್ತೆ, ಅಣ್ಣಂದಿರಿಬ್ಬರ ಒಬ್ಬಳೇ ತಂಗಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಕೂಡು ಎಂದು ಯಾರೂ ಅನ್ನಲಿಲ್ಲ.

ಹೊಲ, ಮನೆ, ಎರಡು ಎಮ್ಮೆ ಎಲ್ಲ ಹಂಚಿ ಮುಗಿದು, ಮೂಲೆಯಲ್ಲಿದ್ದ ಹಳೆಯ ಗ್ರ್ಯಾಂಡ್ ಪಿಯಾನೊ ಉಳಿಯಿತು. ಅದು ಕಿತ್ತೂರು ಅರಮನೆಯ ಇನಾಮು ಎಂದು ಅಪ್ಪ ಬೀಗರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಕಲೆಕ್ಟರ್ ಸಾಹೇಬ ಮೆಚ್ಚಿ ಕೊಟ್ಟದ್ದು ಎಂದು ಕಾಕಾ. ಎರಡೂ ಬುರುಡೆ. ಊರು ಬಿಟ್ಟು ಹೊರಟ ಬಿಳಿ ದೊರೆಯೊಬ್ಬನ ಸಾಮಾನು ಬೆಳಗಾವಿಯಲ್ಲಿ ಲಿಲಾವಿಗೆ ಬಂದಾಗ ಅಜ್ಜ ಅದನ್ನು ಸವಾಲು ಕೂಗಿ ಹಿಡಿದು, ಚಕ್ಕಡಿಯಲ್ಲಿ ಹುಲ್ಲು ಹಾಸಿ ತಂದಿದ್ದ. ವಾರಕ್ಕೊಮ್ಮೆ ಧಾರವಾಡದಿಂದ ಮುದುಕ ಮಾಸ್ತರನೊಬ್ಬ ಬಸ್ಸಿನಲ್ಲಿ ಬಂದು ಅತ್ತೆಗೆ ನುಡಿಸಲು ಕಲಿಸಿದ. ಗಂಡುಮಕ್ಕಳಿಬ್ಬರೂ ಅದರ ಮೇಲೆ ಟೊಪ್ಪಿಗೆ ಇಡುವುದನ್ನಷ್ಟೇ ಕಲಿತರು.

"ಅಣ್ಣಾ, ಹೊಲ ಬ್ಯಾಡ, ಬಂಗಾರ ಬ್ಯಾಡ. ಅದೊಂದು ನನಗ ಕೊಡ್ರಿ," ಅಂದಳು ಅತ್ತೆ.

"ಸೀರಿ-ಕುಬಸ ಕೊಟ್ಟೇವಲ್ಲವಾ, ಅರಮನಿ ಸಾಮಾನು ನಿನಗ್ಯಾಕ?" ಅಂದ ಅಪ್ಪ.

"ಅಣ್ಣಗ ಇಡೀದಾಗಿ ಬಿಡೂ ಪೈಕಿ ಅಲ್ಲ ನಾ. ನನ್ನ ಪಾಲು ನನಗ ಬರಬೇಕು," ಅಂದ ಕಾಕಾ.

ಹಿರಿಯರಲ್ಲೊಬ್ಬರು ಆಕಳಿಸಿದರು. "ಕಾಲು ಬಿಚ್ಚತಾವೇನು ನೋಡೋ ತಮ್ಮಾ."

ಬಿಚ್ಚುತ್ತಿದ್ದವು. ಪಾನಾ ಹಿಡಿದು ನಟ್ಟು ಬಿಚ್ಚಿದವನು ನಾನೇ. ನಾಚಿಕೆಯಲ್ಲಿ ನನ್ನ ಪಾಲನ್ನು ನಾನೂ ಬಿಟ್ಟುಕೊಡುವುದಿಲ್ಲ. ಒಡಲು ಅಪ್ಪನಿಗೆ, ಕೆತ್ತನೆಯ ಮೂರು ಕಾಲು ಕಾಕಾನಿಗೆ.

"ಪುಣ್ಯಾಕ ಎಮ್ಮಿ ಎರಡ ಇದ್ದುವು," ಅಂದಳು ಅತ್ತೆ. "ಒಂದ ಇದ್ದಿದ್ರ ಅದಕ್ಕೂ ಪಾನಾ ಹಚ್ಚತಿದ್ರಿ."

ಅಪ್ಪನ ಕಾಲಿಲ್ಲದ ಅರಮನೆ ಸಾಮಾನು ಎರಡು ವರ್ಷ ಶೇಂಗಾ ಚೀಲಗಳ ಮೇಲೆ ಕುಳಿತಿತ್ತು. ಕಾಕಾ ಊರ ಆ ತುದಿಯ ಹೊಸ ಮನೆಯಲ್ಲಿ ಕಾಲುಗಳ ಮೇಲೆ ಗಾಜು ಹಾಸಿ ಟಿ.ವಿ. ಕೂಡ್ರಿಸಿದ. ಹಳೆಯ ಸಾಮಾನು ಕೊಳ್ಳುವವನೊಬ್ಬ ಬಂದು ಎರಡೂ ಕೂಡಿದರೆ ಒಯ್ಯುತ್ತೇನೆ ಎಂದ. ಕೂಡಲಿಲ್ಲ, ಒಬ್ಬನಿಗೆ ಲಾಭವಾದೀತೆಂದು ಇನ್ನೊಬ್ಬನಿಗೆ ನಿದ್ದೆ ಬರಲಿಲ್ಲ. ಕೊನೆಗೆ ಶೇಂಗಾ ಮಾರಾಟವಾಗಿ ಚೀಲ ತೆಗೆಯಬೇಕಾದಾಗ ಅಪ್ಪ ತಂಗಿಗೆ ಫೋನ್ ಮಾಡಿದ: "ಒಯ್ಯವಾ, ಸುಮ್ನ ಜಾಗಾ ಹಿಡದೈತಿ."

ಅವನ ಮನಸ್ಸು ತಿರುಗುವ ಮೊದಲೇ, ಅದೇ ಮಧ್ಯಾಹ್ನ, ಅತ್ತೆ ಟ್ರ್ಯಾಕ್ಟರ್ ತಂದಳು. ದೊಡವಾಡದಲ್ಲಿ ಗೌಂಡಿ ಕಾಲಿನ ಬದಲು ಮೂರು ಇಟ್ಟಂಗಿ ಕಂಬ ಕಟ್ಟಿಕೊಟ್ಟ. ಪಿಯಾನೊದ ಅರ್ಧ ಮನೆಗಳು ಒತ್ತಿದರೂ ನುಡಿಯದೆ ಸತ್ತಿದ್ದವು. ಉಳಿದ ಅರ್ಧದಲ್ಲೇ ಅವಳು ಸಂಜೆಗೆ ನುಡಿಸುತ್ತಾಳೆ.

ಕಳೆದ ತಿಂಗಳು ಕಾಕಾ ಗೋಡೆಗೆ ಹೊಸ ಟಿ.ವಿ. ಹಾಕಿಸಿದ. ಬೇಡವಾದ ಮೂರೂ ಕಾಲು ಗೋಣಿಯಲ್ಲಿ ಕಟ್ಟಿ ದೊಡವಾಡದ ಬಸ್ಸಿಗೆ ಹಾಕಿ, ತಂಗಿಗೆ ತನ್ನ ಕಾಣಿಕೆ ಎಂದು ಫೋನ್ ಮಾಡಿದ. ಅತ್ತೆ ಬಸ್ ನಿಲ್ಲುವಲ್ಲಿಗೆ ಹೋದಳು. ಗೋಣಿ ಬಿಚ್ಚಲಿಲ್ಲ. ಅದೇ ಬಸ್ಸಿನಲ್ಲಿ ತಿರುಗಿ ಕಳಿಸಿದಳು.